ಪದಾರ್ಥವೂ ಪರಿಮಳವೂ: ಪ್ರತಿರೂಪಕ ವ್ಯವಹಾರದ ಒಂದು ಇತಿಹಾಸ

ವಿಜಯನಗರ ಜಿಲ್ಲೆಯ ಉಜ್ಜಿನಿಯಲ್ಲಿ ಶ್ರೀ ಮರುಳಸಿದ್ಧೇಶ್ವರ ಸ್ವಾಮಿಯ ಜಾತ್ರೆಯ ಸಂದರ್ಭದಲ್ಲಿ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಭಕ್ತರು ತಂದೊಪ್ಪಿಸಿದ ಎಣ್ಣೆ ಶಿಖರದಿಂದ ಇಳಿದುಬರುತ್ತದೆ. ಎಣ್ಣೆಯ ವಾಸನೆಯುಳ್ಳ ಬೇರೊಂದು ದ್ರವವನ್ನು ಒಪ್ಪಿಸುವ ಆಲೋಚನೆ ಯಾವ ಭಕ್ತನಿಗೂ ಬಾರದು. ಪೂಜಾದ್ರವ್ಯದಲ್ಲಿ ಇಷ್ಟು ಎಚ್ಚರವುಳ್ಳ ಜನರು ನಿತ್ಯದ ಆಹಾರದಲ್ಲಿ ಪದಾರ್ಥವನ್ನು ಬಿಟ್ಟು ಅದರ ಪರಿಮಳಕ್ಕೆ ಹಣ ತೆರುವವರಾದದ್ದು ಹೇಗೆ? ಈ ಇತಿಹಾಸವು ವಿಚಾರಯೋಗ್ಯವಾಗಿದೆ.

ನಮ್ಮ ದೇಶದಲ್ಲಿ ಇದರ ಮೊದಲ ದೊಡ್ಡ ಪಾಠ ವನಸ್ಪತಿಯಿಂದ ದೊರೆಯಿತು. 1937ರಲ್ಲಿ ಡಾಲ್ಡಾ ಎಂಬ ಹೆಸರಿನ ವನಸ್ಪತಿ ಮಾರುಕಟ್ಟೆಗೆ ಬಂದಿತು. ನೋಟಕ್ಕೆ ಅದು ತುಪ್ಪವನ್ನೇ ಹೋಲುತ್ತಿತ್ತು. ತನ್ನ ಡಬ್ಬಿಯಲ್ಲಿ ತನ್ನ ಹೆಸರಿನಿಂದಲೇ ಮಾರಾಟವಾದಾಗ ಅದರಲ್ಲಿ ಮೋಸವಿರಲಿಲ್ಲ. ತುಪ್ಪದ ಪಾತ್ರೆಯನ್ನು ಸೇರಿದಾಗ ವಂಚನೆಯಾಯಿತು. ಆದುದರಿಂದಲೇ ವನಸ್ಪತಿಯಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಎಳ್ಳೆಣ್ಣೆ ಇರತಕ್ಕದ್ದೆಂದು ಕಾನೂನು ವಿಧಿಸಿತು. ಎಳ್ಳೆಣ್ಣೆಯುಳ್ಳ ಕೊಬ್ಬು ರಾಸಾಯನಿಕ ಪರೀಕ್ಷೆಯಲ್ಲಿ ಕೆಂಪೇರಿ ತನ್ನ ಗುರುತನ್ನು ತಾನೇ ಹೇಳುತ್ತದೆ.

ಎರಡನೆಯ ಪಾಠ ವೆನಿಲಾ. ಮೆಕ್ಸಿಕೋ ಮೂಲದ ಈ ಬಳ್ಳಿಯ ಹೂವು ಒಂದೇ ದಿನ ಅರಳಿರುತ್ತದೆ. ಅದಕ್ಕೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಗುಲಾಮ ಬಾಲಕನು ಕಂಡುಹಿಡಿದನು. ಮೂವತ್ತಮೂರು ವರ್ಷಗಳ ತರುವಾಯ, 1874ರಲ್ಲಿ, ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ವಿಜ್ಞಾನಿಗಳು ಅದರ ಮುಖ್ಯ ಪರಿಮಳವಾದ ವೆನಿಲಿನ್ ಅನ್ನು ಪೈನ್ ಜಾತಿಯ ಮರದಿಂದ ಪಡೆದ ವಸ್ತುವಿನಿಂದ ತಯಾರಿಸಿದರು. ಮುಂದೆ ಕಾಗದದ ಕಾರ್ಖಾನೆಯ ತ್ಯಾಜ್ಯವೂ ಪೆಟ್ರೋಲಿಯಂ ಮೂಲದ ರಾಸಾಯನಿಕಗಳೂ ಅದರ ಆಕರಗಳಾದವು. ಇಂದು ಜಗತ್ತು ಸವಿಯುವ ವೆನಿಲಾ ರುಚಿಯಲ್ಲಿ ಕೋಡಿನಿಂದ ಬಂದದ್ದು ಅತ್ಯಲ್ಪ.

ಇದರ ಪರಿಣಾಮ ಕರ್ನಾಟಕದ ರೈತನನ್ನೂ ತಟ್ಟಿತು. ಮಡಗಾಸ್ಕರ್‌ನ ಬೆಳೆ ಚಂಡಮಾರುತಕ್ಕೆ ಸಿಲುಕಿ ಬೆಲೆ ಗಗನಕ್ಕೇರಿದಾಗ ಮಲೆನಾಡು, ಕರಾವಳಿ, ಕೊಡಗುಗಳ ತೋಟಗಳಲ್ಲಿ ವೆನಿಲಾ ಹಬ್ಬಿತು. 2003ರ ಸುಮಾರಿಗೆ ಕೋಡುಗಳನ್ನು ಕಳ್ಳರಿಂದ ಉಳಿಸಿಕೊಳ್ಳಲು ರಾತ್ರಿ ಕಾವಲು ಹಾಕಬೇಕಾಯಿತು. ಆದರೆ ದುಬಾರಿ ಬೆಲೆಯನ್ನು ಕಂಡ ಆಹಾರ ತಯಾರಕರು ಕೃತಕ ವೆನಿಲಿನ್‌ನತ್ತ ಹೊರಳಿದರು. ಮಡಗಾಸ್ಕರ್‌ನ ಬೆಳೆಯೂ ಚೇತರಿಸಿತು. 2004–05ರಲ್ಲಿ ಬೆಲೆ ಕುಸಿಯಿತು. ಅನೇಕರು ಬಳ್ಳಿಗಳನ್ನು ಕಿತ್ತರು. ವೆನಿಲಾ ಎಂಬ ಹೆಸರು ಮಾತ್ರ ಐಸ್‌ಕ್ರೀಮಿನ ಮೇಲೆ ಉಳಿಯಿತು.

ಹಾಗಾದರೆ ಕೃತಕವಾದುದೆಲ್ಲವೂ ತ್ಯಾಜ್ಯವೇ? ಅಲ್ಲ. ಕಸ್ತೂರಿಯನ್ನು ನೋಡಿರಿ. ಆ ನೈಸರ್ಗಿಕ ಪರಿಮಳಕ್ಕಾಗಿ ಎಷ್ಟೋ ಮೃಗಗಳು ಹತವಾದವು. 1888ರಲ್ಲಿ ಆಲ್ಬರ್ಟ್ ಬೌರ್ ತಯಾರಿಸಿದ ಕೃತಕ ಕಸ್ತೂರಿಗೆ ಪ್ರಾಣಿವಧೆ ಬೇಕಾಗಲಿಲ್ಲ. ಜೇನನ್ನು ವರ್ಜಿಸಿದ ಶ್ರಾವಕನಿಗೂ ನೈಸರ್ಗಿಕವೆಂಬ ಒಂದೇ ಮಾತು ಸಮಾಧಾನ ನೀಡಲಾರದು. ಕೃತಕವೆಲ್ಲ ವಿಷವೆನ್ನುವುದು ಸತ್ಯಕ್ಕೆ ಅಪಚಾರ.

ದೋಷವಿರುವುದು ಬೇರೆಡೆಯಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಕಡೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಹೇಳುತ್ತದೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಇದಕ್ಕೆ ಕೃತ್ರಿಮ ಚಿನ್ನದ ನಿದರ್ಶನವಿತ್ತು, ವಂಚನೆಯನ್ನೇ ಅದರ ಲಕ್ಷಣವಾಗಿ ಗುರುತಿಸುತ್ತದೆ. ಇದು ಅಸತ್ಯದ ಪಟ್ಟಿಯಲ್ಲಿಲ್ಲ, ಕಳವಿನ ಪಟ್ಟಿಯಲ್ಲಿದೆ ಎಂಬುದು ಗಮನಾರ್ಹ. ಕೇಸರಿಯ ಬೆಲೆ ಪಡೆದು ಬಣ್ಣವನ್ನೂ ಎಸೆನ್ಸನ್ನೂ ಕೊಟ್ಟವನು ಗ್ರಾಹಕನ ಹಣವನ್ನು ಕದ್ದಂತೆಯೇ. ಕೇಸರಿ ಬೆಳೆದವನ ಪಾಲನ್ನೂ ಕದ್ದಂತೆ.

ಕಾನೂನು ನೈಸರ್ಗಿಕ, ನಿಸರ್ಗಸದೃಶ, ಕೃತಕವೆಂದು ಸುವಾಸನಾದ್ರವ್ಯಗಳನ್ನು ವಿಂಗಡಿಸಿದೆ. ಪೊಟ್ಟಣದ ಮೇಲೆ ಅವುಗಳ ಉಲ್ಲೇಖವನ್ನು ಕಡ್ಡಾಯಗೊಳಿಸಿದೆ. ಆದರೆ ಮದುವೆಯ ಪಂಕ್ತಿಯಲ್ಲಿ ಬಡಿಸುವ ಪಾಯಸಕ್ಕೆ, ಬಸದಿಯ ಉತ್ಸವದ ಸಿಹಿಗೆ ಯಾವ ಚೀಟಿಯೂ ಇಲ್ಲ. ಅಲ್ಲಿ ನಮ್ಮ ಮಾತೇ ಚೀಟಿ. ವಿಶ್ವಸ್ತ ಮಂಡಳಿಗಳು ಅಡುಗೆಯವರೊಡನೆ ಕರಾರು ಮಾಡುವಾಗ ಏನೇನು ಬಳಸತಕ್ಕದ್ದೆಂದು ಬರೆಯಿಸಿಕೊಳ್ಳಲಿ. ನಾಲ್ಕು ಎಸಳು ಕೇಸರಿಗೆ ಶಕ್ತಿಯಿಲ್ಲದಿದ್ದರೆ ಬರಿಯ ಬೆಲ್ಲದ ಪಾಯಸವನ್ನೇ ಬಡಿಸಲಿ. ಬೆಲ್ಲವು ಬೆಲ್ಲವೆಂದೇ ಎಲೆಗೆ ಬಂದರೆ ಬಡಿಸಿದವರಿಗೂ ಉಂಡವರಿಗೂ ಕೊರತೆಯಿಲ್ಲ.