ಸಿಂಪ್ಯೂಟರ್ ಬರೆದಿಟ್ಟ ಕರಾರು

ಐಫೋನ್ ಬರುವುದಕ್ಕೆ ಆರು ವರ್ಷ ಮೊದಲೇ, 2001ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ ಅಂಗೈಗಾತ್ರದ ಒಂದು ಕಂಪ್ಯೂಟರ್ ಅನಾವರಣಗೊಂಡಿತು. ಕಪ್ಪುಬಿಳುಪು ಪರದೆ, ಮುಟ್ಟಲು ಒಂದು ಕಡ್ಡಿ, ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುವ ಯಂತ್ರ. ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಅದರ ಹಿಂದಿದ್ದವರು. ಒಳಗೆ ಕೂತಿದ್ದದ್ದು ಲಿನಕ್ಸ್. ಯಾರಿಗೂ ಲೈಸೆನ್ಸ್ ಹಣ ಕಟ್ಟದೆ ಎತ್ತಿಕೊಳ್ಳಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ತಂತ್ರಾಂಶ.

ಯಂತ್ರ ಹೊರಟಿದ್ದು ಪೂರಿಗಾಲಿಯಂಥ ಊರುಗಳಿಗೆ. ಮಳವಳ್ಳಿ ತಾಲ್ಲೂಕಿನ ಈ ಊರಿಗೆ ಕಾವೇರಿ ದೂರವೇನಲ್ಲ. ಆದರೂ ಸುತ್ತಲಿನ ಹೊಲಗಳು ಮಳೆಯನ್ನೇ ಕಾದವು. ಹನಿ ನೀರಾವರಿ ಯೋಜನೆಗೆ ಊರಿನ ಹೆಸರು ಅಂಟಿಕೊಂಡದ್ದು ಎಷ್ಟೋ ಆಮೇಲೆ. ಆ ಕಾಲಕ್ಕೆ ಇಲ್ಲಿನ ರೈತ ಕಂಡಿದ್ದ ಕಂಪ್ಯೂಟರ್ ಎಂದರೆ ತಾಲ್ಲೂಕು ಕಚೇರಿಯದು. ‘ಭೂಮಿ’ ಯೋಜನೆ ಬಂದು, 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗತೊಡಗಿತ್ತು. ಅಂಥವನು ಸ್ವಂತಕ್ಕೆ ಒಂದು ಯಂತ್ರ ಕೊಳ್ಳಲಾರ ಎಂಬುದು ಸಿಂಪ್ಯೂಟರ್ ತಂಡಕ್ಕೆ ಗೊತ್ತಿತ್ತು. ಅದಕ್ಕೇ ಸ್ಮಾರ್ಟ್‌ಕಾರ್ಡ್ ತೂರಿಸುವ ಸೀಳೊಂದನ್ನು ಇಟ್ಟರು. ಯಂತ್ರ ಊರಿನದು, ಕಾರ್ಡು ಮನೆಯದು; ಕಾರ್ಡು ತೂರಿಸಿದರೆ ಅಷ್ಟು ಹೊತ್ತು ಯಂತ್ರವೂ ನಿಮ್ಮದೇ. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಇತ್ತು.

ಯಂತ್ರಕ್ಕಿಂತ ಕುತೂಹಲದ್ದು ಅದರ ಜೊತೆ ಬಂದ ಕರಾರುಪತ್ರ. ಲಿನಕ್ಸಿನ ಜಿಪಿಎಲ್ ಪರವಾನಗಿಯ ಮಾದರಿಯಲ್ಲಿ ಇವರು ಯಂತ್ರಾಂಶಕ್ಕೂ ‘ಸಿಂಪ್ಯೂಟರ್ ಜನರಲ್ ಪಬ್ಲಿಕ್ ಲೈಸೆನ್ಸ್’ ಎಂಬುದನ್ನು ಬರೆದರು. ಯಂತ್ರದ ನಕ್ಷೆ ಎಲ್ಲರಿಗೂ ತೆರೆದಿತ್ತು. ಅದನ್ನಿಟ್ಟುಕೊಂಡು ಯಾವ ಕಂಪನಿಯಾದರೂ ಸಾಮಾನು ಮಾಡಿ ಮಾರಬಹುದು, ಲಾಭವನ್ನೂ ಮಾಡಿಕೊಳ್ಳಬಹುದು. ಮಾರುವ ಮುಂಚೆ ಇವರೇ ಕಟ್ಟಿದ ಸಿಂಪ್ಯೂಟರ್ ಟ್ರಸ್ಟಿಗೆ ಒಂದು ಶುಲ್ಕ ಕಟ್ಟಬೇಕು, ಅಷ್ಟೆ. ಬಡ ದೇಶದ ಕಂಪನಿಗೆ ಕಡಿಮೆ, ಸಿರಿವಂತ ದೇಶದ್ದಕ್ಕೆ ಹೆಚ್ಚು. ತಾನು ಮಾಡಿಕೊಂಡ ಸುಧಾರಣೆಯನ್ನು ಕಂಪನಿ ಸುಮಾರು ಒಂದು ವರ್ಷ ತನ್ನಲ್ಲೇ ಇಟ್ಟುಕೊಂಡು ಮುಂದೋಡಬಹುದು. ಆಮೇಲೆ ಅದನ್ನು ಎಲ್ಲರ ಪಾಲಿಗೆ ಬಿಟ್ಟುಕೊಡಬೇಕು. ಕೆರೆ ನೀರು ಹಾಯಿಸಿಕೊಂಡವನು ಹೂಳೆತ್ತುವ ದಿನ ತಪ್ಪಿಸುವಂತಿಲ್ಲ ಎಂಬ ಹಳ್ಳಿಯ ಕಟ್ಟಳೆಯೇ ಇದು, ವಕೀಲರ ಭಾಷೆಯಲ್ಲಿ.

ಕರಾರು ಗಟ್ಟಿಯಾಗಿತ್ತು, ವ್ಯಾಪಾರ ಕೈಕೊಟ್ಟಿತು. ಪ್ರಾಧ್ಯಾಪಕರೇ ಕಟ್ಟಿದ ಪೈಕೊಪೆಟಾ ಕಂಪನಿಯ ‘ಅಮಿಡಾ ಸಿಂಪ್ಯೂಟರ್’ ಸರ್ಕಾರಿ ಸ್ವಾಮ್ಯದ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಕೈಯಲ್ಲಿ ಅಲುಗಾಡಿಸಿದರೆ ಅರ್ಥಮಾಡಿಕೊಳ್ಳುವ ಚಲನೆಯ ಸಂವೇದಕ ಅದರಲ್ಲಿತ್ತು. ಫೋನುಗಳಲ್ಲಿ ಅದು ಮಾಮೂಲಾದದ್ದು ಆಮೇಲೆ. ಕಡಿಮೆ ಬೆಲೆಯದಕ್ಕೇ 10,000 ರೂಪಾಯಿಯ ಹತ್ತಿರ. ರಾಜ್ಯ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರ್ ಬಳಸಿ ನೋಡಿತು. ಆದರೂ 2005ರ ಹೊತ್ತಿಗೆ ಮಾರಾಟವಾಗಿದ್ದು ನಾಲ್ಕು ಸಾವಿರದ ಆಸುಪಾಸು. ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು, ಅದರಲ್ಲಿ ಮಾತಾಡಬಹುದಿತ್ತು. ಹಳ್ಳಿಯವನಿಗೆ ಬೇಕಿದ್ದದ್ದು ಮೊದಲು ಅದು. ಹೊಸ ತಂತ್ರಜ್ಞಾನ ಕೈಗೆ ಸಿಗದೆ ಹೋಗುವುದು ಮಳವಳ್ಳಿ ತಾಲ್ಲೂಕಿಗೇನು ಹೊಸ ಕಥೆಯಲ್ಲ: ಇಲ್ಲಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ.

ಯಂತ್ರ ಮುಳುಗಿದರೂ ತೆರೆದಿಟ್ಟದ್ದು ಮುಳುಗಲಿಲ್ಲ. ರಮೇಶ್ ಹರಿಹರನ್ ನೇತೃತ್ವದಲ್ಲಿ ಶುರುವಾದ ‘ಧ್ವನಿ’ ಎಂಬ ಓದಿ ಹೇಳುವ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ಸಿಗುವಂತಿತ್ತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು ಹಲವು ಭಾರತೀಯ ಭಾಷೆಗಳಿಗೆ ಬೆಳೆಸಿದರು. ಮುಚ್ಚಿದ ತಂತ್ರಾಂಶವಾಗಿದ್ದರೆ ಕಂಪನಿಯ ಬೀರುವಿನಲ್ಲೇ ಗೆದ್ದಲು ಹಿಡಿಯುತ್ತಿತ್ತು.

ಲಿನಕ್ಸ್ ಕೊನೆಗೂ ಹೊಲಕ್ಕೆ ಬಂತು, ಬೇರೆ ಕಂಪನಿಗಳ ಕೈಯಿಂದ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ಅದರ ಬುಡದಲ್ಲಿದ್ದದ್ದು ಲಿನಕ್ಸ್ ಕರ್ನಲ್. 2020ರಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟು, ರಾಗಿಯೋ ಹುರುಳಿಯೋ ನೀವೇ ಫೋಟೊ ತೆಗೆದು ಕಳಿಸಿ ಎಂದಿತು ರೈತರಿಗೆ. ಸಿಂಪ್ಯೂಟರಿನವರು ಕಂಡ ಕನಸು ಹೆಚ್ಚುಕಡಿಮೆ ಇದೇ. ಆದರೆ ಆಂಡ್ರಾಯ್ಡಿನ ತಳ ತೆರೆದಿದ್ದರೂ ಮೇಲಿನ ಆ್ಯಪ್ ಅಂಗಡಿ, ನಕ್ಷೆ, ಅಂಚೆ ಎಲ್ಲ ಗೂಗಲ್ಲಿನ ಬೀಗದೊಳಗೆ. ಕಾಸು ಹುಟ್ಟುವುದು ಅಲ್ಲಿ. ಸಿಂಪ್ಯೂಟರ್ ಕರಾರು ಬರೆದವರಿಗೆ ಈ ಲೆಕ್ಕ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ.

ಮುಕ್ತ ತಂತ್ರಾಂಶದಲ್ಲಿ ದುಡ್ಡಿಲ್ಲ ಎಂಬ ಮಾತನ್ನು ಬೆಂಗಳೂರು ಬೇಗನೆ ಸುಳ್ಳು ಮಾಡಿತು. 2005ರಲ್ಲಿ ಆನಂದ್ ಬಾಬು ಪೆರಿಯಸಾಮಿ ಶುರುಮಾಡಿದ ಗ್ಲಸ್ಟರ್ ಕಂಪನಿಯ ಎಂಜಿನಿಯರುಗಳು ಕೂತು ತಂತ್ರಾಂಶ ಬರೆದದ್ದು ಇಲ್ಲಿಯೇ. ನೂರಾರು ಕಂಪ್ಯೂಟರುಗಳ ಡಿಸ್ಕುಗಳನ್ನು ಒಂದೇ ಉಗ್ರಾಣದಂತೆ ಬಳಸಿಕೊಡುವ ತಂತ್ರಾಂಶ ಅದು. ಸಂಕೇತ ಪುಕ್ಕಟೆ; ಅದು ಕೆಟ್ಟು ನಿಂತಾಗ ಸರಿಮಾಡಿಕೊಡುವ ಭರವಸೆಗೆ ಮಾತ್ರ ಬೆಲೆ. 2011ರಲ್ಲಿ ಅಮೆರಿಕದ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿತು. ಹಣ ತೆತ್ತದ್ದು ಅದನ್ನು ಬಲ್ಲ ತಲೆಗಳಿಗೆ.

ವಾಪಸು ಕೊಡುವ ಮಾತು ಮತ್ತೆ ಬಂದದ್ದು ಷೇರು ಪೇಟೆಯ ಕಡೆಯಿಂದ. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಷೇರು ದಲ್ಲಾಳಿ ಕಂಪನಿ ಜೆರೋಧಾ ತನ್ನ ವ್ಯವಹಾರವನ್ನು ಬಹುಪಾಲು ಮುಕ್ತ ತಂತ್ರಾಂಶದ ಮೇಲೆಯೇ ಕಟ್ಟಿಕೊಂಡಿತು. 2024ರಲ್ಲಿ ಅಂಥ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ನೀಡುವ ನಿಧಿ ಘೋಷಿಸಿತು. ಸಿಂಪ್ಯೂಟರಿನಲ್ಲಿ ಕರಾರಾಗಿದ್ದದ್ದು ಇಲ್ಲಿ ಕೊಡುವವರ ಇಚ್ಛೆ. ನಿಧಿ ನಿಲ್ಲಿಸಿದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಕನ್ನಡಿಗರ ಮಟ್ಟಿಗೆ ಹೆಚ್ಚಿನ ಲಾಭವೊಂದು ಅದಕ್ಕೂ ಮುಂಚೆಯೇ ಆಗಿತ್ತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’, 2019ರಲ್ಲಿ ಜೆರೋಧಾದ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಅಂತರ್ಜಾಲಕ್ಕೆ ಬಂತು, ಮುಕ್ತ ಪರವಾನಗಿಯಲ್ಲಿ. ಪದಗಳ ಕಡತವನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಆ್ಯಪಿಗೆ ಹಾಕಿಕೊಳ್ಳಬಹುದು. ಅದನ್ನು ನಡೆಸುವ ‘ಡಿಕ್ಟ್‌ಪ್ರೆಸ್’ ತಂತ್ರಾಂಶವೂ ತೆರೆದದ್ದೇ. ಮಲಯಾಳದ ‘ಓಳಂ’ ನಿಘಂಟು ನಡೆಯುತ್ತಿರುವುದೂ ಅದರ ಮೇಲೆಯೇ.