ಕಾಟ್‌ಬುಸ್: ಜಿಲ್ಲೆ ಹೋಯಿತು, ಗಣಿ ಉಳಿಯಿತು

ಕಾಟ್‌ಬುಸ್, 1952ರಿಂದ 1990ರವರೆಗೆ ಪೂರ್ವ ಜರ್ಮನಿಯಲ್ಲಿದ್ದ ಒಂದು ಆಡಳಿತ ಜಿಲ್ಲೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಬೆಜಿರ್ಕ್' ಅಂತಾರೆ. ಪೋಲೆಂಡ್ ಗಡಿಗೆ ಅಂಟಿಕೊಂಡಿದ್ದ ಈ ಜಿಲ್ಲೆಯಲ್ಲಿ ಸುಮಾರು 8.8 ಲಕ್ಷ ಜನರಿದ್ದರು.

ಜಿಲ್ಲೆ ಯಾಕೆ ಬಂತು?

1949ರಲ್ಲಿ ಪೂರ್ವ ಜರ್ಮನಿ ಹುಟ್ಟಿದಾಗ ಅಲ್ಲಿ ಐದು ರಾಜ್ಯಗಳಿದ್ದವು. ಆಳುವ ಸೋಷಲಿಸ್ಟ್ ಯೂನಿಟಿ ಪಕ್ಷಕ್ಕೆ ರಾಜ್ಯಗಳ ಸ್ವಾಯತ್ತತೆ ಬೇಕಿರಲಿಲ್ಲ. 1952ರ ಜುಲೈನಲ್ಲಿ ಅವುಗಳ ಅಧಿಕಾರ ಕಿತ್ತುಕೊಂಡು 14 ಜಿಲ್ಲೆಗಳನ್ನು ಮಾಡಿತು. ಬ್ರಾಂಡೆನ್‌ಬುರ್ಗ್, ಸ್ಯಾಕ್ಸನಿ, ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯಗಳ ತುಂಡುಗಳನ್ನು ಜೋಡಿಸಿ ಆದದ್ದೇ ಕಾಟ್‌ಬುಸ್. ಅಲ್ಲಿನ ನೆಲದಡಿ ಲಿಗ್ನೈಟ್ ಕಲ್ಲಿದ್ದಲು ಇತ್ತು. ಆ ಗಣಿ ಪ್ರದೇಶದ ಬಹುಪಾಲು ಒಂದೇ ಆಡಳಿತದಡಿ ಬಂತು.

ಜಿಲ್ಲೆಗೆ ಪರಿಷತ್ತಿತ್ತು, ಚುನಾವಣೆಯೂ ನಡೀತಿತ್ತು. ಆದ್ರೆ ಮತದಾರರ ಮುಂದಿದ್ದದ್ದು ಒಂದೇ ಪಟ್ಟಿ. ನಿಜವಾದ ಅಧಿಕಾರ ಪಕ್ಷದ ಜಿಲ್ಲಾ ಕಾರ್ಯದರ್ಶಿಯ ಕೈಲಿತ್ತು.

ಬೆಲೆ ತೆತ್ತವರು ಯಾರು?

ಈ ನೆಲ ಸೋರ್ಬ್ ಜನರದ್ದೂ ಹೌದು. ಸ್ಲಾವಿಕ್ ಭಾಷೆಯಾಡುವ ಅಲ್ಪಸಂಖ್ಯಾತರು ಇವರು. ಸರ್ಕಾರ ಅವರ ಭಾಷೆಗೆ ಸಂವಿಧಾನದಲ್ಲೇ ರಕ್ಷಣೆ ಕೊಟ್ಟಿತು. ಶಾಲೆ, ಪತ್ರಿಕೆ, ಎರಡು ಭಾಷೆಯ ನಾಮಫಲಕ ಎಲ್ಲವೂ ಇದ್ದವು. ಅದೇ ಸರ್ಕಾರ ಗಣಿಗಾಗಿ ಅವರ ಹಳ್ಳಿಗಳನ್ನೂ ಕೆಡವಿತು. ಊರು ಚದುರಿದ ಮೇಲೆ ಭಾಷೆಯನ್ನು ಮನೆ-ಬೀದಿಗಳಲ್ಲಿ ಆಡೋರು ಯಾರು? 1920ರ ದಶಕದಿಂದ ಈಚೆಗೆ ಇಡೀ ಲುಸಾಟಿಯಾ ಪ್ರದೇಶದಲ್ಲಿ 130ಕ್ಕೂ ಹೆಚ್ಚು ಊರುಗಳು ಪೂರ್ತಿಯಾಗಿಯೋ ಭಾಗಶಃವೋ ಗಣಿಯ ಪಾಲಾಗಿವೆ.

1990ರ ನಂತರ

1990ರ ಅಕ್ಟೋಬರ್ 3ರಂದು ಎರಡೂ ಜರ್ಮನಿಗಳು ಒಂದಾದವು, ಹಳೆಯ ರಾಜ್ಯಗಳು ಮರಳಿದವು. ಕಾಟ್‌ಬುಸ್‌ನ ಹೆಚ್ಚಿನ ಭಾಗ ಬ್ರಾಂಡೆನ್‌ಬುರ್ಗ್‌ಗೆ ಸೇರಿತು. ಹೋಯರ್ಸ್‌ವೆರ್ಡಾ, ವೈಸ್‌ವಾಸರ್ ತಾಲ್ಲೂಕುಗಳು ಸ್ಯಾಕ್ಸನಿಗೆ, ಯೆಸೆನ್ ಸ್ಯಾಕ್ಸನಿ-ಅನ್ಹಾಲ್ಟ್‌ಗೆ ಹೋದವು.

ಬ್ರಾಂಡೆನ್‌ಬುರ್ಗ್‌ನ 1992ರ ಸಂವಿಧಾನ ಸೋರ್ಬರ ವಾಸದ ನೆಲಕ್ಕೆ ರಕ್ಷಣೆಯ ಭರವಸೆ ಕೊಟ್ಟಿತು. ಆದರೂ 1997ರಲ್ಲಿ ಅದೇ ರಾಜ್ಯದ ಶಾಸನಸಭೆ ಹೋರ್ನೊ ಎಂಬ ಹಳ್ಳಿಯನ್ನು ಗಣಿಗೆ ಬಿಟ್ಟುಕೊಡುವ ಕಾನೂನು ಮಾಡಿತು. ಊರವರು ವರ್ಷಗಟ್ಟಲೆ ಹೋರಾಡಿದರು, ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೂ ಹೋದರು. 2000ದಲ್ಲಿ ಅಲ್ಲೂ ಸೋಲಾಯಿತು. ಆಮೇಲೆ ಊರು ಖಾಲಿಯಾಯಿತು, ಮನೆಗಳು ನೆಲಸಮವಾದವು.

ಏಕಪಕ್ಷದ ಆಡಳಿತದಲ್ಲಿ ಹಳ್ಳಿಗರಿಗೆ ಬಹಿರಂಗವಾಗಿ ಬೇಡ ಅನ್ನುವ ದಾರಿಯೇ ಇರಲಿಲ್ಲ. ಹೋರ್ನೊದವರಿಗೆ ಪ್ರತಿಭಟನೆ, ಕೋರ್ಟು, ಪತ್ರಿಕೆ ಎಲ್ಲವೂ ಸಿಕ್ಕವು. ಈ ವ್ಯತ್ಯಾಸ ಸಣ್ಣದಲ್ಲ. ಆದ್ರೆ ಊರು ಮಾತ್ರ ಉಳಿಯಲಿಲ್ಲ.