ವಿಪಿಎನ್ ಆನ್ ಮಾಡಿದ್ರೆ ಎಲ್ಲಾ ಸೇಫಾ? ಅದು ಮುಚ್ಚೋದು ಏನು, ಮುಚ್ಚದಿರೋದು ಏನು

ಗೊಬ್ಬೂರ: ಮೊಬೈಲ್‌ನಲ್ಲಿ ಫ್ರೀ ವಿಪಿಎನ್ ಆ್ಯಪ್ ಹಾಕಿಕೊಂಡರೆ ಯಾರಿಗೂ ಗೊತ್ತಾಗಲ್ಲ, ಹಣಕ್ಕೂ ಭಯ ಇಲ್ಲ ಎಂದು ನಂಬಿದವರು ಬಹಳ ಮಂದಿ. ಅಫಜಲಪುರ, ಆಳಂದ, ಜೇವರ್ಗಿ ಭಾಗದ ಸಣ್ಣ ಅಂಗಡಿಗಳಲ್ಲೂ ಈಗ ಕ್ಯೂಆರ್ ಕೋಡ್ ವ್ಯಾಪಾರವೇ ಹೆಚ್ಚು. ಹೀಗಾಗಿ ವಿಪಿಎನ್ ನಿಜಕ್ಕೂ ಏನು ಮಾಡುತ್ತೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ವಿಪಿಎನ್ ಮಾಡುವ ಕೆಲಸ
ಮೊಬೈಲ್‌ನಿಂದ ಹೊರಡುವ ಮಾಹಿತಿ ಮೊದಲು ವಿಪಿಎನ್ ಕಂಪನಿಯ ಸರ್ವರ್‌ಗೆ ಗುಪ್ತಲಿಪಿಯಲ್ಲಿ ಹೋಗುತ್ತದೆ, ಅಲ್ಲಿಂದ ವೆಬ್‌ಸೈಟ್‌ಗೆ ತಲುಪುತ್ತದೆ. ವೆಬ್‌ಸೈಟ್‌ಗೆ ನಿಮ್ಮ ಐಪಿ ವಿಳಾಸದ ಬದಲು ಆ ಸರ್ವರ್‌ನ ವಿಳಾಸ ಕಾಣುತ್ತದೆ. ಬಸ್ ನಿಲ್ದಾಣ, ಲಾಡ್ಜ್‌ಗಳ ಉಚಿತ ವೈಫೈ ಬಳಸುವಾಗ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಜಿಯೋ, ಏರ್‌ಟೆಲ್ ನೋಡಬಹುದಾಗಿದ್ದನ್ನು ಈಗ ವಿಪಿಎನ್ ಕಂಪನಿ ನೋಡಬಹುದು. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು, ಅಷ್ಟೇ.

ಇವನ್ನು ಮುಚ್ಚಲ್ಲ
* ಗೂಗಲ್, ಫೇಸ್‌ಬುಕ್‌ಗೆ ಲಾಗಿನ್ ಆಗಿದ್ದರೆ ನೀವು ಯಾರು ಅಂತ ಅವಕ್ಕೆ ಗೊತ್ತೇ ಇರುತ್ತೆ.
* ವಾಟ್ಸ್‌ಆ್ಯಪ್ ಖಾತೆ ಮೊಬೈಲ್ ನಂಬರ್‌ಗೆ, ಆ ಸಿಮ್ ನೀವು ಕೊಟ್ಟ ದಾಖಲೆಗೆ ಜೋಡಣೆಯಾಗಿರುತ್ತದೆ.
* ಲೊಕೇಶನ್ ಅನುಮತಿ ಕೊಟ್ಟ ಆ್ಯಪ್‌ಗೆ ಜಿಪಿಎಸ್ ಮೂಲಕ ನೀವಿರುವ ಜಾಗ ತಿಳಿಯುತ್ತದೆ.
* ಒಟಿಪಿ ನೀವೇ ಹೇಳಿದರೆ, ನಕಲಿ ಬ್ಯಾಂಕ್ ಲಿಂಕ್‌ನಲ್ಲಿ ಪಾಸ್‌ವರ್ಡ್ ಹಾಕಿದರೆ, ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಿದರೆ ವಿಪಿಎನ್ ಉಳಿಸಲ್ಲ.

ಫ್ರೀ ಅಂದ್ರೆ ಫ್ರೀ ಅಲ್ಲ
ಫೇಸ್‌ಬುಕ್ 2013ರಲ್ಲಿ ಓನಾವೋ ಎಂಬ ಕಂಪನಿಯನ್ನು ಖರೀದಿಸಿತ್ತು. ಅದರ ಉಚಿತ ವಿಪಿಎನ್ ಆ್ಯಪ್ ಬಳಸಿದವರು ಬೇರೆ ಯಾವ ಆ್ಯಪ್‌ಗಳನ್ನು ಬಳಸುತ್ತಾರೆ ಎಂಬ ಮಾಹಿತಿ ಫೇಸ್‌ಬುಕ್‌ಗೆ ಸಿಗುತ್ತಿತ್ತು. 2018ರಲ್ಲಿ ಅದು ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು, 2019ರಲ್ಲಿ ಮುಚ್ಚಿತು. ಸರ್ವರ್ ನಡೆಸಲು ಖರ್ಚಿದೆ. ಗ್ರಾಹಕ ದುಡ್ಡು ಕೊಡದಿದ್ದರೆ ಅದು ಎಲ್ಲಿಂದ ಬರುತ್ತೆ ಎಂದು ಕೇಳಿಕೊಳ್ಳಬೇಕು.

ಕಾನೂನು ಏನು ಹೇಳುತ್ತೆ?
ದೇಶದಲ್ಲಿ ವಿಪಿಎನ್ ಬಳಕೆಗೆ ಸಾಮಾನ್ಯ ನಿಷೇಧ ಇಲ್ಲ. ಆದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಐಪಿ ವಿವರವನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ನೌಕರರಿಗಾಗಿ ಸಂಸ್ಥೆಗಳು ನಡೆಸುವ ಸ್ವಂತ ವಿಪಿಎನ್‌ಗೆ ಇದು ಅನ್ವಯಿಸಲ್ಲ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಆ ವರ್ಷವೇ ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ವಿಪಿಎನ್ ಹಾಕಿ ಬೆದರಿಕೆ ಹಾಕಿದ್ರೆ, ಮೋಸ ಮಾಡಿದ್ರೆ ಸಿಕ್ಕಿಬೀಳಲ್ಲ ಎಂಬುದು ತಪ್ಪು ತಿಳಿವಳಿಕೆ.

ಅಂಗಡಿಯವರು ಮಾಡಬೇಕಾದ್ದು
ವ್ಯಾಪಾರದ ಖಾತೆಗೆ ಸಾಧ್ಯವಾದರೆ ಬೇರೆ ಫೋನ್ ಇಡಿ. ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿ, ಬೇಡದ ಅನುಮತಿ ತೆಗೆಯಿರಿ, ಎರಡು ಹಂತದ ಲಾಗಿನ್ ಆನ್ ಮಾಡಿ. ಹಣ ಪಾವತಿಗೆ ಉಚಿತ ವೈಫೈ ಬಿಟ್ಟು ಸ್ವಂತ ಡೇಟಾ ಬಳಸಿ. ವಿಪಿಎನ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ ಎಂಬುದೂ ನೆನಪಿರಲಿ.

ಹಣ ಹೋಯ್ತು ಅಂದ್ರೆ ನಾಳೆ ನೋಡೋಣ ಅನ್ನಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ದೂರು ಹೋದರೆ ತಡೆಹಿಡಿಯುವ ಅವಕಾಶ ಹೆಚ್ಚು.